ಮೂರು ಬಂಡೆಗಳ ಒಂದು ಪಾಠ

ನಿಮ್ಮ ಮನೆಯ ಕ್ರಯಪತ್ರ, ಹೊಲದ ಪಹಣಿ, ಮಕ್ಕಳ ಜಾತಕ, ಇವನ್ನೆಲ್ಲ ಎಲ್ಲಿ ಇಟ್ಟಿದ್ದೀರಿ? ಕಬ್ಬಿಣದ ಪೆಟ್ಟಿಗೆಯಲ್ಲಿ, ಬೀರುವಿನ ಮೇಲಿನ ಖಾನೆಯಲ್ಲಿ, ಇಲ್ಲವೆ ದೇವರ ಮನೆಯ ಗೂಡಿನಲ್ಲಿ ಎಂದು ನೀವು ಹೇಳಬಹುದು. ಪ್ರತಿ ಮಾಡಿಸಿದ್ದೀರಾ ಎಂದು ಕೇಳಿದರೆ, “ಒಂದಲ್ಲ, ಎರಡು ಮಾಡಿಸಿದ್ದೇವೆ” ಎನ್ನುವಿರಿ. ಆ ಪ್ರತಿಗಳು ಎಲ್ಲಿವೆ? ನಮ್ಮಲ್ಲಿ ಹತ್ತು ಮನೆಗೆ ಒಂಬತ್ತು ಮನೆಯಲ್ಲಿ ಅವೂ ಅದೇ ಪೆಟ್ಟಿಗೆಯಲ್ಲಿರುತ್ತವೆ. ಪೆಟ್ಟಿಗೆಗೆ ಗೆದ್ದಲು ಹತ್ತಿದರೆ ಮೂಲವೂ ಹೋಯಿತು, ಪ್ರತಿಯೂ ಹೋಯಿತು.

ಇದು ಮನೆಯ ಸಣ್ಣ ಮಾತೆಂದು ತಳ್ಳಿಹಾಕಬೇಡಿ. ಬರೆದದ್ದು ಉಳಿಯುವುದು ಹೇಗೆ ಎಂಬ ಪ್ರಶ್ನೆಗೆ ಚಿತ್ರದುರ್ಗ ಜಿಲ್ಲೆಯಲ್ಲಿ ಬಹಳ ದೊಡ್ಡ ಚರಿತ್ರೆಯಿದೆ. ಅದರ ಒಂದು ತುದಿ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳ ಮೇಲಿದೆ. ಇನ್ನೊಂದು ತುದಿ ಚಳ್ಳಕೆರೆಯ ಕಾವಲುಗಳಲ್ಲೂ ನಮ್ಮ ತಾಲ್ಲೂಕು ಕಛೇರಿಗಳ ಕಂಪ್ಯೂಟರುಗಳಲ್ಲೂ ಇದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ, ಇಂದಿನ ತಂತ್ರಜ್ಞರು ಬೆವರಿಳಿಸುತ್ತಿರುವ ಒಂದು ಸಮಸ್ಯೆ ನಮಗೂ ನಿಮಗೂ ಸುಲಭವಾಗಿ ತಿಳಿಯುತ್ತದೆ.

ಮೊದಲು ಬಂಡೆಗಳ ಬಳಿಗೆ ಹೋಗೋಣ. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಚಿನ್ನಹಗರಿ ಹಳ್ಳದ ಆಸುಪಾಸಿನಲ್ಲಿ ಬ್ರಹ್ಮಗಿರಿಯೆಂಬ ಗುಡ್ಡವಿದೆ. ಅದರ ಬುಡದ ದೊಡ್ಡ ಬಂಡೆಯೊಂದನ್ನು ಊರವರು ‘ಅಕ್ಷರಗುಂಡು’ ಎಂದು ಕರೆಯುತ್ತ ಬಂದರು. ಅಕ್ಷರವಿದೆಯೆಂಬುದು ಅವರಿಗೆ ಗೊತ್ತಿತ್ತು. ಏನಿದೆಯೆಂಬುದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಂದ ಸುಮಾರು ಒಂದು ಮೈಲಿ ಪಶ್ಚಿಮಕ್ಕೆ ಸಿದ್ದಾಪುರದ ಬಳಿ ಇನ್ನೊಂದು ಬಂಡೆ. ಮೂರು ಮೈಲಿಯಷ್ಟು ದೂರದಲ್ಲಿ, ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ, ದೇವಸ್ಥಾನಕ್ಕೆ ಹತ್ತುವ ದಾರಿಯಲ್ಲಿ ಮೂರನೆಯದು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದುದರಿಂದ ಅದಕ್ಕೆ ‘ಬಳೆಗಾರಗುಂಡು’ ಎಂದೇ ಹೆಸರು ಬಿತ್ತು.

1892ರಲ್ಲಿ ಮೈಸೂರು ಸಂಸ್ಥಾನದ ಬಿ. ಎಲ್. ರೈಸ್ ಅವರು ಈ ಮೂರನ್ನೂ ಬೆಳಕಿಗೆ ತಂದರು. ಮೂರೂ ಅಶೋಕ ಚಕ್ರವರ್ತಿಯ ಕಾಲದವು, ಕ್ರಿ. ಪೂ. ಮೂರನೆಯ ಶತಮಾನದವು. ಸೋಜಿಗವೆಂದರೆ ಮೂರರಲ್ಲೂ ಇದ್ದದ್ದು ಒಂದೇ ಶಾಸನ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ದೇವಾನಾಂಪ್ರಿಯನ ಆಜ್ಞೆಯನ್ನು ತಿಳಿಸುತ್ತಾರೆ. ಧರ್ಮದಲ್ಲಿ ಉದ್ಯಮಶೀಲರಾದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರಿಗೂ ಸದ್ಗತಿಯುಂಟು. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನಾಡಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಇದು ಆಜ್ಞೆಯ ಸಾರಾಂಶ. ಕೊನೆಯಲ್ಲಿ ಬರೆದವನ ಹೆಸರು: ಚಪಡ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೂ ‘ಲಿಪಿಕಾರ’ ಎಂಬ ತನ್ನ ಉದ್ಯೋಗದ ಹೆಸರನ್ನು ಮಾತ್ರ ಅವನು ವಾಯವ್ಯ ಪ್ರಾಂತದ ಖರೋಷ್ಠೀ ಲಿಪಿಯಲ್ಲಿ ಬರೆದ. ದೂರದ ಸೀಮೆಯ ಬರಹ ಬಲ್ಲ ನೌಕರನೊಬ್ಬ ನಮ್ಮ ನಾಡಿನ ಬಿಸಿಲಿನಲ್ಲಿ ಕುಳಿತು ಅದೇ ಮಾತನ್ನು ಮೂರು ಸಲ ಬರೆದಿದ್ದಾನೆ.

ಮೂರು ಸಲ ಬರೆಸಿದ ಉದ್ದೇಶ ಹೆಚ್ಚು ಜನರಿಗೆ ತಿಳಿಯಲೆಂಬುದೇ ಇರಬೇಕು. ಆದರೆ ಅದರಿಂದ ನಮಗಾದ ಉಪಕಾರ ಬೇರೆ. ಜಟಿಂಗ ರಾಮೇಶ್ವರದ ಬರಹ ಮಳೆ ಗಾಳಿಗಳಿಗೂ ಜನರ ಕಾಲ್ತುಳಿತಕ್ಕೂ ಸಿಕ್ಕಿ ಬಹುಮಟ್ಟಿಗೆ ಸವೆದುಹೋಗಿದೆ. ಅದೊಂದೇ ಉಳಿದಿದ್ದರೆ ವಿದ್ವಾಂಸರು ಅಲ್ಲೊಂದು ಇಲ್ಲೊಂದು ಪದ ಹಿಡಿದು ಊಹೆಮಾಡಬೇಕಾಗುತ್ತಿತ್ತು. ಬ್ರಹ್ಮಗಿರಿಯದು ಚೆನ್ನಾಗಿ ಉಳಿದಿದ್ದರಿಂದ, ಸವೆದ ಸಾಲುಗಳನ್ನು ಅದರಿಂದ ತುಂಬಿಕೊಳ್ಳುವುದು ಸಾಧ್ಯವಾಯಿತು. ಒಂದು ಪ್ರತಿ ಕೆಟ್ಟರೆ ಇನ್ನೊಂದು ಪ್ರತಿ ಅದನ್ನು ಎತ್ತಿಹಿಡಿಯುತ್ತದೆ. ಇದು ಬಂಡೆಗಳ ಮೊದಲನೆಯ ಪಾಠ.

ಎರಡನೆಯದು ದೂರದ ಪ್ರತಿಗಳಿಂದ ಬಂದದ್ದು. ಇದೇ ಶಾಸನದ ಪಾಠಗಳು ಮಧ್ಯಪ್ರದೇಶದ ರೂಪನಾಥದಲ್ಲಿ, ಬಿಹಾರದ ಸಹಸ್ರಾಮದಲ್ಲಿ, ರಾಜಸ್ಥಾನದ ಬೈರಾಟದಲ್ಲಿ ಇವೆ. ಬ್ರಹ್ಮಗಿರಿಯ ಬರಹದಲ್ಲಿ 256 ಎಂಬ ಸಂಖ್ಯೆಯಿದೆ. ರೂಪನಾಥ, ಸಹಸ್ರಾಮಗಳಲ್ಲೂ ಅದೇ ಸಂಖ್ಯೆಯಿದೆ. ನೂರಾರು ಹರದಾರಿ ದೂರದ ಬಂಡೆಗಳಲ್ಲಿ ಅಂಕಿ ತಾಳೆಯಾಯಿತೆಂದರೆ, ಎಲ್ಲವೂ ಒಂದೇ ಮೂಲದಿಂದ ಇಳಿದುಬಂದುವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಇನ್ನು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಗಣಿಯ ಇಂಜಿನಿಯರೊಬ್ಬರ ಕಣ್ಣಿಗೆ ಬಿದ್ದ ಪ್ರತಿಯಲ್ಲಿ ‘ಅಶೋಕ’ ಎಂಬ ಹೆಸರೇ ಸಿಕ್ಕಿತು. ನಮ್ಮ ಮೂರು ಬಂಡೆಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಇದೆ. ಹತ್ತಿರದ ಮೂರು ಪ್ರತಿಗಳು ಹೇಳದ ಸಂಗತಿಯನ್ನು ದೂರದ ಒಂದು ಪ್ರತಿ ಹೇಳಿತು.

ಮೂರನೆಯ ಪಾಠವನ್ನು ಅಶೋಕನೇ ತನ್ನ ಬಾಯಿಂದ ಹೇಳಿದ್ದಾನೆ. ಅವನ ಹದಿನಾಲ್ಕನೆಯ ದೊಡ್ಡ ಶಿಲಾಶಾಸನದಲ್ಲಿ, ಕೆಲವೆಡೆ ಬರಹ ಅಪೂರ್ಣವಾಗಿರಬಹುದು, ಅದಕ್ಕೆ ಸ್ಥಳದ ಕೊರತೆಯೋ ಲಿಪಿಕಾರನ ತಪ್ಪೋ ಕಾರಣವಿರಬಹುದು ಎಂಬ ಒಪ್ಪಿಗೆಯಿದೆ. ಚಕ್ರವರ್ತಿಯಾದವನು ಇಂಥ ಮಾತನ್ನು ಕಲ್ಲಿನಲ್ಲೇ ಕೆತ್ತಿಸಿದನಲ್ಲ! ಪ್ರತಿ ಮಾಡುವವನು ತಪ್ಪುತ್ತಾನೆ, ಆದ್ದರಿಂದ ಪ್ರತಿಯನ್ನು ಮೂಲದೊಡನೆ ಒರೆಹಚ್ಚಬೇಕು ಎಂಬ ತಿಳಿವಳಿಕೆ ಆ ಕಾಲದಲ್ಲೇ ಇತ್ತು. ಈ ಹದಿನಾಲ್ಕನೆಯ ಶಾಸನದ ಒಂದು ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿದೆ. ಅಲ್ಲಿಯ ಚಪ್ಪಡಿಯನ್ನು ಕಾಳಿಯ ಗುಡಿಯಲ್ಲಿ ವಿಗ್ರಹದ ಪೀಠವಾಗಿ ಬಳಸಿಬಿಟ್ಟಿದ್ದರು. 1986ರಲ್ಲಿ ಗುಡಿಯ ಮಾಡು ಕುಸಿದ ಮೇಲೆಯೇ ಅದರ ಗುಟ್ಟು ಹೊರಬಿದ್ದದ್ದು.

ನಾಲ್ಕನೆಯದು ಎಲ್ಲಕ್ಕಿಂತ ಕಹಿಯಾದ ಪಾಠ. ಬಂಡೆಗಳು ಉಳಿದುವು, ಅಕ್ಷರ ಉಳಿಯಿತು, ಆದರೆ ಓದುವವರು ಉಳಿಯಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿಯ ಸುಲ್ತಾನ ಫಿರೋಜ್ ಷಹನು ಅಶೋಕನ ಎರಡು ಕಂಬಗಳನ್ನು ಬಹು ಪ್ರಯಾಸದಿಂದ ದೆಹಲಿಗೆ ಸಾಗಿಸಿ ತಂದ. ಅವುಗಳ ಮೇಲಿನ ಬರಹವನ್ನು ಓದಿರೆಂದು ಪಂಡಿತರನ್ನು ಕರೆಸಿದರೆ, ಒಬ್ಬರಿಗೂ ಒಂದಕ್ಷರ ಹತ್ತಲಿಲ್ಲ. ಕೊನೆಗೆ 1837ರಲ್ಲಿ ಕಲ್ಕತ್ತೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯ ಬೀಗ ತೆಗೆದರು. ಅದೇ 1837ರಲ್ಲಿ ಬೆಂಗಳೂರಿನಲ್ಲಿ ರೈಸ್ ಅವರು ಹುಟ್ಟಿದರು. ಪ್ರಿನ್ಸೆಪ್ ಬೀಗ ತೆಗೆಯದಿದ್ದರೆ ರೈಸ್ ಅವರಿಗೂ ಅಕ್ಷರಗುಂಡು ಬರಿಯ ಗುಂಡೇ ಆಗಿರುತ್ತಿತ್ತು. ತಿರುಗಿ ಓದಲಾಗದ ಪ್ರತಿ, ಪ್ರತಿಯಲ್ಲ.

ರೈಸ್ ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಸಂಸ್ಥಾನದ ಊರೂರುಗಳಿಂದ ಒಂಬತ್ತು ಸಾವಿರದಷ್ಟು ಶಾಸನಗಳನ್ನು ಸಂಗ್ರಹಿಸಿ, 1886ರಿಂದ 1905ರ ವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹನ್ನೆರಡು ಸಂಪುಟಗಳಲ್ಲಿ ಅಚ್ಚುಹಾಕಿಸಿದರು. ಹನ್ನೊಂದನೆಯ ಸಂಪುಟ ನಮ್ಮ ಚಿತ್ರದುರ್ಗ ಜಿಲ್ಲೆಯದು. ಅಂದು ಓದಿದ ಕಲ್ಲುಗಳಲ್ಲಿ ಎಷ್ಟೋ ಇಂದು ಕಾಣೆಯಾಗಿವೆ, ಒಡೆದಿವೆ, ಗೋಡೆ ಸೇರಿವೆ. ಅವುಗಳ ಮಾತು ಮಾತ್ರ ಕಾಗದದ ಮೇಲೆ ಬದುಕಿದೆ. ಕಲ್ಲಿಗಿಂತ ಕಾಗದ ಗಟ್ಟಿಯಾದದ್ದು ಹೇಗೆ? ಅದು ಬೇರೆ ಜಾಗದಲ್ಲಿ, ಬೇರೆ ವಸ್ತುವಿನ ಮೇಲೆ, ಬೇರೆಯವರ ವಶದಲ್ಲಿ ಇದ್ದುದರಿಂದ.

ಈಗ ಕಲ್ಲು, ಕಾಗದ ಎರಡನ್ನೂ ದಾಟಿ ಇಂದಿನ ಕಾಲಕ್ಕೆ ಬನ್ನಿ. 2000ದ ಸುಮಾರಿಗೆ ಕರ್ನಾಟಕ ಸರ್ಕಾರ ‘ಭೂಮಿ’ ಎಂಬ ಯೋಜನೆಯನ್ನು ತಂದದ್ದು ನಿಮಗೆ ನೆನಪಿರಬಹುದು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಶಾನುಭೋಗರ ಕಾಲದ ಬರವಣಿಗೆಯಿಂದ ಕಂಪ್ಯೂಟರಿಗೆ ಏರಿದುವು. ಆಮೇಲೆ ಕೈಬರಹದ ಪಹಣಿಗೆ ಮಾನ್ಯತೆಯೇ ಹೋಯಿತು. ಚಳ್ಳಕೆರೆಯಲ್ಲಿ ಶೇಂಗಾ ಬಿತ್ತುವವನಾಗಲಿ, ಮೊಳಕಾಲ್ಮೂರಿನಲ್ಲಿ ಹಿಪ್ಪುನೇರಳೆ ಬೆಳೆಯುವವನಾಗಲಿ, ನೆಲ ತನ್ನದೆಂದು ಹೇಳಬೇಕಾದರೆ ಯಂತ್ರದೊಳಗಿನ ಬರಹವೇ ಸಾಕ್ಷಿ.

ಚಳ್ಳಕೆರೆಯಲ್ಲಿ ಇನ್ನೊಂದು ಬಗೆಯ ಬರಹವೂ ಹುಟ್ಟುತ್ತಿದೆ. ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲುಗಳ ಸೀಮೆಯಲ್ಲಿ ಇಂದು ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ, ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷಾ ನೆಲೆಯಿದೆ. 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯವರು ರೆಕ್ಕೆಯುಳ್ಳ ಮರುಬಳಕೆ ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿ ಬಿಟ್ಟರು; ಅದು ತಾನೇ ದಾರಿ ಕಂಡುಕೊಂಡು ಇಲ್ಲಿಯ ಓಡುದಾರಿಯಲ್ಲಿ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಇಂಥ ಪರೀಕ್ಷೆ ಮತ್ತೆ ನಡೆಯಿತು. ಹಾರಾಟ ಕೆಲವೇ ನಿಮಿಷದ್ದು. ಅದು ಮುಗಿದ ಮೇಲೆ ಉಳಿಯುವುದು ಅದರ ದಾಖಲೆ ಮಾತ್ರ. ಆ ದಿನದ ಗಾಳಿಯನ್ನು ಮತ್ತೆ ಬೀಸಿಸಲಾಗುವುದಿಲ್ಲ.

ಇಂಥ ದಾಖಲೆಗಳನ್ನೆಲ್ಲ ಇಂದಿನ ಡೇಟಾ ಸೆಂಟರುಗಳು ಹೇಗೆ ಇಟ್ಟುಕೊಳ್ಳುತ್ತವೆ? ಸಾಮಾನ್ಯವಾಗಿ ‘ವರ್ಚುಯಲ್ ಮೆಷಿನ್’ಗಳಲ್ಲಿ. ಹೆದರಬೇಡಿ, ಹೆಸರು ದೊಡ್ಡದು, ವಿಷಯ ಸರಳ. ಒಂದು ದೊಡ್ಡ ಛತ್ರವನ್ನು ನೆನೆಯಿರಿ. ಹೊರಗಿನ ಗೋಡೆ ಒಂದೇ, ಬಾವಿ ಒಂದೇ. ಒಳಗೆ ಹತ್ತು ಬಿಡಾರಗಳು. ಒಂದೊಂದು ಸಂಸಾರಕ್ಕೂ ಅದು ತನ್ನ ಸ್ವಂತ ಮನೆಯಂತೆ ನಡೆಯುತ್ತದೆ. ಹಾಗೆಯೇ ಒಂದು ಗಟ್ಟಿ ಕಂಪ್ಯೂಟರಿನೊಳಗೆ ಹತ್ತಾರು ಕಲ್ಪಿತ ಕಂಪ್ಯೂಟರುಗಳು ತಮ್ಮ ಪಾಡಿಗೆ ತಾವು ನಡೆಯುತ್ತವೆ. ಈ ಉಪಾಯ ನಿನ್ನೆ ಮೊನ್ನೆಯದಲ್ಲ. ಅಮೆರಿಕೆಯ ಕೇಂಬ್ರಿಜ್ಜಿನಲ್ಲಿದ್ದ ಐಬಿಎಂ ಕಂಪೆನಿಯ ಸಂಶೋಧಕರು 1967ರಲ್ಲೇ ಇದನ್ನು ನಡೆಸಿ ತೋರಿಸಿದರು. 1972ರಲ್ಲಿ ಅದು ಮಾರಾಟಕ್ಕೂ ಬಂತು.

ಕಲ್ಪಿತ ಯಂತ್ರದ ಗುಣವೂ ಅಪಾಯವೂ ಒಂದೇ ಕಡೆ ಇವೆ. ಅದಕ್ಕೆ ಕಬ್ಬಿಣದ ಮೈಯಿಲ್ಲ. ಇಡೀ ಯಂತ್ರವೇ ಒಂದು ಬರಹ, ಒಂದು ಫೈಲು. ಆದ್ದರಿಂದ ಇಡೀ ಯಂತ್ರವನ್ನು ಕಾಗದದಂತೆ ನಕಲು ತೆಗೆಯಬಹುದು, ಇನ್ನೊಂದು ಊರಿನಲ್ಲಿ ಎಬ್ಬಿಸಿ ನಡೆಸಬಹುದು. ಅಷ್ಟೇ ಸುಲಭವಾಗಿ, ಒಂದು ತಪ್ಪು ಅಪ್ಪಣೆಯಿಂದ ಇಡೀ ಯಂತ್ರವನ್ನು ಅಳಿಸಿಬಿಡಲೂಬಹುದು.

ಆ ಫೈಲುಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟರೆ ಪೆಟ್ಟಿಗೆ ಕೆಟ್ಟಾಗ ಗತಿಯೇನು? ಅದಕ್ಕಾಗಿ ಹಲವು ಪೆಟ್ಟಿಗೆಗಳನ್ನು ಗೊಂಚಲಾಗಿ ಕಟ್ಟುತ್ತಾರೆ. ಇದೇ ‘ಕ್ಲಸ್ಟರ್’. ಗೂಗಲ್ ಕಂಪೆನಿಯವರು 2003ರಲ್ಲಿ ಪ್ರಕಟಿಸಿದ ತಮ್ಮ ಏರ್ಪಾಡಿನಲ್ಲೂ, 2006ರಲ್ಲಿ ಪ್ರಕಟವಾಗಿ ಅನಂತರ ಎಲ್ಲೆಡೆ ಹಬ್ಬಿದ ‘ಸೆಫ್’ ಎಂಬ ಏರ್ಪಾಡಿನಲ್ಲೂ ರೂಢಿಯ ಪದ್ಧತಿ ಏನು ಗೊತ್ತೆ? ಪ್ರತಿಯೊಂದು ತುಣುಕಿಗೂ ಮೂರು ಪ್ರತಿ, ಮೂರು ಬೇರೆ ಬೇರೆ ಪೆಟ್ಟಿಗೆಗಳಲ್ಲಿ. ಚಪಡನ ಮೂರು ಬಂಡೆಗಳೇ ಸರಿ! ಒಂದು ಪೆಟ್ಟಿಗೆ ಕೆಟ್ಟರೆ ಉಳಿದೆರಡರಿಂದ ಯಂತ್ರ ತಾನೇ ಮೂರನೆಯ ಪ್ರತಿಯನ್ನು ಬರೆದುಕೊಳ್ಳುತ್ತದೆ. ಪ್ರತಿಗಳು ಸರಿಯಾಗಿವೆಯೇ ಎಂದು ನೋಡಲು ಬರಹದಿಂದಲೇ ಒಂದು ಅಂಕಿಯನ್ನು ಲೆಕ್ಕಹಾಕಿ ತಾಳೆನೋಡುತ್ತದೆ. 256ನ್ನು ನಾವು ತಾಳೆನೋಡಿದಂತೆಯೇ ಎನ್ನಬಹುದು.

ಇಲ್ಲಿಗೆ ಬಂದಾಗ ಎಷ್ಟೋ ಕಛೇರಿಗಳವರು, “ನಮ್ಮಲ್ಲಿ ಮೂರು ಪ್ರತಿ ಇದೆ, ಇನ್ನು ಬ್ಯಾಕಪ್ ಏಕೆ?” ಎಂದು ಕೇಳುತ್ತಾರೆ. ಈ ಪ್ರಶ್ನೆಯಲ್ಲೇ ಅಪಾಯವಿರುವುದು. ಚಪಡನ ಬಂಡೆಗಳಿಗೂ ಕ್ಲಸ್ಟರಿನ ಪ್ರತಿಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬ್ರಹ್ಮಗಿರಿಯಲ್ಲಿ ಒಂದು ಅಕ್ಷರವನ್ನು ಯಾರಾದರೂ ಕೆತ್ತಿಹಾಕಿದರೆ ಸಿದ್ದಾಪುರದ ಅಕ್ಷರ ಅಳಿಯುವುದಿಲ್ಲ. ಕ್ಲಸ್ಟರಿನಲ್ಲಿ ಹಾಗಲ್ಲ. ಅಳಿಸು ಎಂಬ ಅಪ್ಪಣೆ ಬಂದರೆ ಮೂರು ಪೆಟ್ಟಿಗೆಗಳೂ ಅದನ್ನು ವಿಧೇಯವಾಗಿ, ಕ್ಷಣದಲ್ಲಿ ನೆರವೇರಿಸುತ್ತವೆ. ಕಳ್ಳ ಪ್ರೋಗ್ರಾಮೊಂದು ಒಳಹೊಕ್ಕು ಬರಹವನ್ನೆಲ್ಲ ಕೆಡಿಸಿದರೆ ಕೆಟ್ಟ ಬರಹಕ್ಕೇ ಮೂರು ಪ್ರತಿಗಳಾಗುತ್ತವೆ. ಕ್ಲಸ್ಟರು ಪೆಟ್ಟಿಗೆ ಕೆಡುವುದರಿಂದ ಕಾಪಾಡುತ್ತದೆ. ಮನುಷ್ಯನ ತಪ್ಪಿನಿಂದ ಕಾಪಾಡುವುದಿಲ್ಲ.

ಇದು ಬರಿಯ ಹೆದರಿಕೆಯ ಮಾತಲ್ಲ. 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಲ್ಲಿ ಬ್ಯಾಕಪ್ ತೆಗೆಯುವ ಪ್ರೋಗ್ರಾಮಿನಲ್ಲೇ ತಪ್ಪು ಹೊಕ್ಕಿತು. ಹಳೆಯ ಕಡತಗಳನ್ನು ಅಳಿಸಬೇಕಾಗಿದ್ದ ಅದು ಸಂಶೋಧಕರ ಕೆಲಸವನ್ನೇ ಅಳಿಸುತ್ತ ಹೋಯಿತು. ಸುಮಾರು 77 ಟೆರಾಬೈಟು, 3 ಕೋಟಿ 40 ಲಕ್ಷ ಫೈಲುಗಳು ಹೋದುವು. ನಷ್ಟಕ್ಕೊಳಗಾದ 14 ತಂಡಗಳಲ್ಲಿ ನಾಲ್ಕಕ್ಕೆ ಕಳೆದದ್ದು ಮರಳಿ ಸಿಗುವಂತಿರಲಿಲ್ಲ. ಕಾವಲುಗಾರನೇ ಕಣಜಕ್ಕೆ ಬೆಂಕಿಯಿಟ್ಟಂತಾಯಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ಕೆಲಸದ ಕಾಗದಗಳನ್ನಿಡುತ್ತಿದ್ದ 858 ಟೆರಾಬೈಟಿನ ಭಂಡಾರ ಸುಟ್ಟುಹೋಯಿತು. ಅಷ್ಟು ದೊಡ್ಡದಕ್ಕೆ ಹೊರಗೆ ಬ್ಯಾಕಪ್ ಇಡುವುದು ಕಷ್ಟವೆಂದು ಇಟ್ಟಿರಲೇ ಇಲ್ಲ. ಇಡೀ ಮೆಳೆಯ ಶೇಂಗಾವನ್ನು ಬಿತ್ತನೆಬೀಜದೊಡನೆ ಒಂದೇ ಕಣಜದಲ್ಲಿ ತುಂಬಿಟ್ಟ ಒಕ್ಕಲಿಗನನ್ನು ನಮ್ಮ ಚಳ್ಳಕೆರೆ ಸೀಮೆಯಲ್ಲಿ ಬುದ್ಧಿವಂತನೆನ್ನುವರೆ?

ಹಾಗಾದರೆ ಸರಿಯಾದ ಕ್ರಮ ಯಾವುದು? ಮೊದಲನೆಯದಾಗಿ, ನಡೆಯುತ್ತಿರುವ ಯಂತ್ರದ ಪ್ರತಿ ತೆಗೆಯುವುದು ಸುಲಭವಲ್ಲ. ಅಂಗಡಿಯಲ್ಲಿ ಗುಮಾಸ್ತ ಖಾತೆ ಬರೆಯುತ್ತಿರುವಾಗಲೇ ಇನ್ನೊಬ್ಬ ಅದನ್ನು ನಕಲು ಮಾಡಹೊರಟರೆ, ಜಮೆ ಸಿಕ್ಕೀತು, ಖರ್ಚು ತಪ್ಪೀತು. ಗುಮಾಸ್ತನು ಒಂದು ಗಳಿಗೆ ಲೇಖನಿ ಕೆಳಗಿಡಬೇಕು. ಯಂತ್ರಕ್ಕೂ ಹಾಗೆಯೇ ಅರೆಕ್ಷಣ ತಡೆಹೇಳಿ, ಆ ಕ್ಷಣದ ಚಿತ್ರವನ್ನು ಹಿಡಿಯುತ್ತಾರೆ. ಅದನ್ನು ‘ಸ್ನ್ಯಾಪ್‌ಷಾಟ್’ ಎನ್ನುತ್ತಾರೆ. ಯಂತ್ರ ಮುಂದೆ ಸಾಗುತ್ತದೆ, ಪ್ರತಿ ತೆಗೆಯುವವರು ಹಿಡಿದ ಚಿತ್ರವನ್ನು ನೋಡಿ ನಿಧಾನವಾಗಿ ಬರೆದುಕೊಳ್ಳುತ್ತಾರೆ. ದಿನವೂ ಎಲ್ಲವನ್ನೂ ಬರೆಯಬೇಕಾಗಿಲ್ಲ; ನಿನ್ನೆಯಿಂದ ಬದಲಾದ ತುಣುಕುಗಳಷ್ಟೇ ಸಾಕು. ಆದರೆ ಸ್ನ್ಯಾಪ್‌ಷಾಟೇ ಬ್ಯಾಕಪ್ ಅಲ್ಲ, ಏಕೆಂದರೆ ಅದು ಇರುವುದೂ ಅದೇ ಗೊಂಚಲಿನಲ್ಲಿ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯದೆ ಮರೆತರೆ ದಿನೇದಿನೇ ಬೆಳೆದು ಜಾಗವನ್ನೆಲ್ಲ ತಿಂದು ಯಂತ್ರಗಳನ್ನೇ ನಿಲ್ಲಿಸಿಬಿಡುವುದುಂಟು. ಕ್ಲಸ್ಟರಿನಲ್ಲಿ ಕಲ್ಪಿತ ಯಂತ್ರವು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಬಿಡಾರ ಬದಲಿಸುತ್ತಲೂ ಇರುತ್ತದೆ. ಪ್ರತಿ ತೆಗೆಯುವ ಪ್ರೋಗ್ರಾಮು ಅದರ ಹೊಸ ವಿಳಾಸವನ್ನು ತಿಳಿದಿರಬೇಕು.

ಎರಡನೆಯದಾಗಿ, ಬರೆದುಕೊಂಡ ಪ್ರತಿ ಗೊಂಚಲಿನ ಹೊರಗಿರಬೇಕು. ಮೂರು ಪ್ರತಿ, ಎರಡು ಬಗೆಯ ವಸ್ತು, ಒಂದು ಬೇರೆ ಊರಿನಲ್ಲಿ ಎಂಬ ಸೂತ್ರ ಈ ಕಸುಬಿನಲ್ಲಿ ರೂಢಿಯಲ್ಲಿದೆ. ಅವುಗಳಲ್ಲಿ ಒಂದಾದರೂ ಬಂಡೆಯಂತೆ, ಒಮ್ಮೆ ಬರೆದ ಮೇಲೆ ಯಾರ ಅಪ್ಪಣೆಗೂ ಅಳಿಯದಂತೆ ಇರಬೇಕು. ದಿನನಿತ್ಯದ ಯಂತ್ರಗಳ ಬೀಗದ ಕೈ ಇರುವವರ ಬಳಿಯೇ ಆ ಪ್ರತಿಯ ಬೀಗದ ಕೈಯೂ ಇರಬಾರದು.

ಮೂರನೆಯದು ಫಿರೋಜ್ ಷಹನ ಪಂಡಿತರಿಂದ ಕಲಿಯಬೇಕಾದದ್ದು. ಪ್ರತಿಯನ್ನು ಆಗಾಗ ತೆರೆದು ಓದಿನೋಡಬೇಕು. ಬ್ಯಾಕಪ್ ಆಗಿದೆಯೆಂದು ಯಂತ್ರ ಹಸಿರು ದೀಪ ತೋರಿಸಿದರೆ ಸಾಲದು. ಆ ಪ್ರತಿಯಿಂದ ಯಂತ್ರವನ್ನು ಬೇರೊಂದು ಕಡೆ ನಿಜವಾಗಿ ಎಬ್ಬಿಸಿ, ಒಬ್ಬ ರೈತನ ಪಹಣಿಯನ್ನು ತೆಗೆದು, ಸರ್ವೆ ನಂಬರು ಸರಿಯಿದೆಯೇ ಎಂದು ನೋಡಬೇಕು. ಎಬ್ಬಿಸುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂಬುದನ್ನೂ ಬರೆದಿಡಬೇಕು. ಆ ಕೆಲಸ ಬಲ್ಲವರು ಇಬ್ಬರಾದರೂ ಇರಬೇಕು. ಒಬ್ಬನೇ ಇದ್ದು ಅವನು ವರ್ಗವಾಗಿ ಹೋದರೆ ಉಳಿಯುವುದು ಮತ್ತೆ ಅಕ್ಷರಗುಂಡು.

ಇದರಲ್ಲಿ ನಮ್ಮ ಪಾಲೇನು ಎನ್ನುವಿರಾ? ನಿಮ್ಮ ಮನೆಯಲ್ಲೂ ಒಂದು ಸಣ್ಣ ದಫ್ತರಖಾನೆಯಿದೆ. ಮಗಳ ಮದುವೆಯ ಚಿತ್ರಗಳು, ಗತಿಸಿದ ಅಜ್ಜಿಯ ಧ್ವನಿ, ಕ್ರಯಪತ್ರದ ನಕಲು, ಎಲ್ಲವೂ ಒಂದು ಮೊಬೈಲಿನಲ್ಲಿವೆ. ಮೊಬೈಲಿನಲ್ಲಿ ಅಳಿಸಿದರೆ, ಅದರೊಡನೆ ಹೊಂದಿಕೊಂಡು ನಡೆಯುವ ದೂರದ ಭಂಡಾರದಲ್ಲೂ ಅಳಿಯಬಹುದೆಂಬುದನ್ನು ಮರೆಯಬೇಡಿ. ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿ, ಬೇರೆ ಊರಿನಲ್ಲಿರುವ ತಂಗಿಯ ಮನೆಯಲ್ಲೋ ಮಗನ ಮನೆಯಲ್ಲೋ ಇಡಿ. ಆಯುಧಪೂಜೆಯ ದಿನ ಮನೆಯ ಕತ್ತರಿ ಕುಡುಗೋಲುಗಳನ್ನೆಲ್ಲ ತೆಗೆದು ತೊಳೆದು ನೋಡುತ್ತೀರಲ್ಲ, ವರ್ಷಕ್ಕೊಮ್ಮೆ ಹಾಗೆಯೇ ಆ ಡಿಸ್ಕನ್ನೂ ತರಿಸಿ ತೆರೆಯಿರಿ. ಅಜ್ಜಿಯ ಧ್ವನಿ ಕೇಳಿಸಿದರೆ ಪ್ರತಿ ಇದೆಯೆಂದು ಅರ್ಥ.

ಬಿಡುವಾದಾಗ ಮಕ್ಕಳನ್ನು ಕರೆದುಕೊಂಡು ಬ್ರಹ್ಮಗಿರಿಗೂ ಹೋಗಿಬನ್ನಿ. ಅಕ್ಷರಗುಂಡನ್ನು ನೋಡಿದ ಮೇಲೆ ಜಟಿಂಗ ರಾಮೇಶ್ವರದ ಮೆಟ್ಟಿಲು ಹತ್ತಿ, ಬಳೆಗಾರಗುಂಡಿನ ಸವೆದ ಸಾಲುಗಳನ್ನೂ ನೋಡಿ. ಒಂದೇ ಮಾತು ಒಂದು ಕಡೆ ಉಳಿದು, ಇನ್ನೊಂದು ಕಡೆ ಅಳಿದದ್ದನ್ನು ಕಣ್ಣಾರೆ ಕಂಡ ಮಗುವಿಗೆ, ಪ್ರತಿಯನ್ನು ಎರಡು ಕಡೆ ಏಕೆ ಇಡಬೇಕೆಂದು ನೀವು ಬೇರೆ ಹೇಳಬೇಕಾಗುವುದಿಲ್ಲ.